ಸಕ್ಕರೆ ಅವರಿಗೆ, ಜಾಗರಣೆ ಇವರಿಗೆ

ಗಂಡನಿಗೆ ಸಕ್ಕರೆ ಕಾಯಿಲೆ, ಹೆಂಡತಿಗೆ ನಿದ್ದೆಗೇಡು. ನಮ್ಮ ಬೀದಿಯಲ್ಲಿ ಇದೇನೂ ಹೊಸ ಸುದ್ದಿಯಲ್ಲ. ಆದರೆ ಪಕ್ಕದ ಮನೆ ಮೇಷ್ಟ್ರ ಹೆಂಡತಿ ಜಾಗರಣೆಯ ವ್ರತವನ್ನೇ ಹಿಡಿದುಬಿಟ್ಟಿದ್ದರು. ಬೆಳಗ್ಗೆ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳೋಣ ಅಂತ ಬಾಗಿಲು ತೆಗೆದರೆ ಸಾಕು, ಕಾಂಪೌಂಡ್ ಗೋಡೆಗೆ ಮೊಣಕೈ ಊರಿ, ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿರುತ್ತಿದ್ದರು. ಕುವೆಂಪುನಗರದ ನಮ್ಮ ಬೀದಿಯಲ್ಲಿ ಗೋಡೆ ಕಟ್ಟಿಸಿದವರು ಎತ್ತರವನ್ನು ಬಹಳ ಯೋಚನೆ ಮಾಡಿಯೇ ಇಟ್ಟಿದ್ದಾರೆ: ಕಳ್ಳ ಹಾರಬಹುದು, ಮಾತು ಹಾರಲೇಬೇಕು.

"ರಾತ್ರಿ ಎಷ್ಟಿತ್ತಕ್ಕಾ?"

"ಹನ್ನೊಂದು ಗಂಟೆಗೆ 180. ಒಂದೂವರೆಗೆ ಚುಚ್ಚಿದೆ, 160. ಇಳೀತಾ ಇದೆಯಲ್ಲಪ್ಪಾ ಅಂತ ಎಬ್ಬಿಸಿ ಎರಡು ಬಿಸ್ಕತ್ ತಿನ್ನಿಸಿದೆ. ಮೂರಕ್ಕೆ ಇನ್ನೊಂದ್ಸಲ ಚುಚ್ಚೋಕೆ ಹೋದ್ರೆ ಕೈ ಕೊಡವಿ ಬೈದ್ರು ಕಣಣ್ಣಾ."

"ಬೈದ್ರಲ್ಲ, ಹಾಗಾದ್ರೆ ಶುಗರ್ ಚೆನ್ನಾಗೇ ಇತ್ತು ಬಿಡಿ."

ನಾನು ಡಾಕ್ಟರಲ್ಲ. ಔಷಧಿ ಅಂಗಡಿಯಲ್ಲಿ ಕೂದಲು ನರೆಸಿಕೊಂಡು, ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಒಪ್ಪಿಸಿ ಮನೆ ಸೇರಿದವನು. ಡಾಕ್ಟರ ಕೈಬರಹ ಓದಬಲ್ಲೆ, ಅಷ್ಟೇ ನನ್ನ ವಿದ್ಯೆ. ಅದಕ್ಕೇ ಬೀದಿಗೆಲ್ಲ 'ಮೆಡಿಕಲ್ ಅಣ್ಣ'. ಡಾಕ್ಟರ ಹತ್ತಿರ ಕೇಳಲು ಸಂಕೋಚಪಟ್ಟಿದ್ದನ್ನೆಲ್ಲ ಜನ ನನ್ನ ಹತ್ತಿರ ಕೇಳುತ್ತಾರೆ, ನನ್ನದು ಫೀಸಿಲ್ಲ.

ಎಲ್ಲ ಶುರುವಾಗಿದ್ದು ಒಂದು ಶನಿವಾರ. ಮೇಷ್ಟ್ರಿಗೆ ಶನಿವಾರ ಒಪ್ಪತ್ತು. ಮಧ್ಯಾಹ್ನ ಅನ್ನ, ರಾತ್ರಿ ಉಪಾಹಾರ. ಅವತ್ತು ಬೆಳಗ್ಗೆ ಊರಿಂದ ಬಂದ ಮೊಮ್ಮಗನ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ನಂದಿಯವರೆಗೂ ಹತ್ತಿದ್ದರು. ಎಪ್ಪತ್ತು ದಾಟಿದ ಮೇಲೂ ನಾನು ಹತ್ತಬಲ್ಲೆ ಅಂತ ತೋರಿಸುವ ಹುಮ್ಮಸ್ಸು. ರಾತ್ರಿ ಅವಲಕ್ಕಿ ಒಗ್ಗರಣೆ ಹಾಕಿದ್ದರೆ, ಹಸಿವಿಲ್ಲ ಅಂತ ಅರ್ಧ ಬಿಟ್ಟು ಎದ್ದರು. ಇನ್ಸುಲಿನ್ ಮಾತ್ರ ದಿನದ ಲೆಕ್ಕದಲ್ಲೇ ಒಳಗೆ ಹೋಗಿಯಾಗಿತ್ತು. ಎರಡೂವರೆ ಹೊತ್ತಿಗೆ ನಿದ್ದೆಯಲ್ಲೇ ಯಾರನ್ನೋ ಬೆಂಚಿನ ಮೇಲೆ ನಿಲ್ಲಿಸಲು ಶುರುಮಾಡಿದರು. ಅಕ್ಕ ದೀಪ ಹಾಕಿ ನೋಡಿದರೆ ಬನಿಯನ್ನು ಹಿಂಡಿದರೆ ನೀರು ಇಳಿಯುವಷ್ಟು ಒದ್ದೆ. ಮೀಟರಿನಲ್ಲಿ 46. ಸಕ್ಕರೆ ನೀರು ಕುಡಿಸಿ, ಕಾಲು ಗಂಟೆ ಉಸಿರು ಬಿಗಿಹಿಡಿದು ಕೂತ ಮೇಲೆ ಮೇಷ್ಟ್ರು ಕಣ್ಣು ಬಿಟ್ಟು, "ಯಾಕೆ, ಎಲ್ಲ ಎದ್ದು ಕೂತಿದ್ದೀರಿ?" ಅಂದರಂತೆ. ಅವರಿಗೆ ಏನೂ ನೆನಪಿಲ್ಲ. ಆ ರಾತ್ರಿ ಅವರಿಗೆ ಅಲ್ಲಿಗೇ ಮುಗಿಯಿತು. ಅಕ್ಕನಿಗೆ ಮುಗಿಯಲೇ ಇಲ್ಲ.

ಆಮೇಲಿನ ಕತೆ ಸಕ್ಕರೆ ಮನೆಗಳಲ್ಲಿ ನಡೆಯುವಂಥದ್ದೇ. ಮಲಗುವ ಮುಂಚೆ ಒಂದು ಬಾಳೆಹಣ್ಣು. ಅದರ ಮೇಲೊಂದು ಲೋಟ ಹಾಲು. 'ಯಾವುದಕ್ಕೂ ಇರಲಿ' ಅಂತ ಎರಡು ಬಿಸ್ಕತ್. ಮೀಟರಿನಲ್ಲಿ 150 ಕಂಡರೆ ಅಕ್ಕನಿಗೆ ನಿದ್ದೆ ಬರದು, 200 ಕಂಡರೆ ಕಣ್ಣು ಮುಚ್ಚುತ್ತದೆ. ಬೆಳಗ್ಗೆ 240. ಅದನ್ನು ನೋಡಿ ಮೇಷ್ಟ್ರು ತಿಂಡಿ ಬಿಡುವುದು, ಬಿಟ್ಟಿದ್ದಕ್ಕೆ ಮಧ್ಯಾಹ್ನ ತಲೆ ತಿರುಗುವುದು.

ಬೀದಿ ಸುಮ್ಮನಿರುತ್ತದೆಯೇ? ಎದುರು ಮನೆಯವರು ರಿಟೈರ್ಡ್ ಎಂಜಿನಿಯರು. ಎಲ್ಲಿಯೋ 'ಸೊಮೊಗಿ' ಅನ್ನುವ ಹೆಸರು ಓದಿಕೊಂಡಿದ್ದಾರೆ. "ಬೆಳಗ್ಗೆ ಜಾಸ್ತಿ ಇದೆ ಅಂದ್ರೆ ರಾತ್ರಿ ಇಳಿದಿತ್ತು ಅಂತಲೇ ಅರ್ಥ, ಸೊಮೊಗಿ ಎಫೆಕ್ಟ್" ಅಂತ ಗೇಟಿನ ಹತ್ತಿರ ನಿಂತು ತೀರ್ಪು ಕೊಟ್ಟರು. ಅಕ್ಕನ ಜೀವ ಬಾಯಿಗೆ ಬಂತು. ಪಾಪ, ರಾತ್ರಿ 200 ಇದ್ದರೆ ಕ್ಷೇಮ ಅಂದುಕೊಂಡಿದ್ದವರಿಗೆ ಬೆಳಗ್ಗೆ 240 ಕೂಡ ಹೆದರಿಕೆಯ ಗುರುತಾಯಿತು.

ನಾನು ಗೋಡೆಗೆ ಒರಗಿ ಹೇಳಿದೆ: ಮೈಕೆಲ್ ಸೊಮೊಗಿ ಅನ್ನುವವರು ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಕೆಲಸ ಮಾಡಿದ ರಸಾಯನ ವಿಜ್ಞಾನಿ. ದೊಡ್ಡವರು. 1930ರ ದಶಕದಲ್ಲಿ ಹಾಗೆ ಊಹಿಸಿದ್ದೂ ನಿಜ. ಆಗ ರಾತ್ರಿಯಿಡೀ ಸಕ್ಕರೆ ಅಳೆಯುವ ಸಾಧನ ಎಲ್ಲಿತ್ತು? ಈಗ ಸೆನ್ಸರ್ ಹಾಕಿ ನೋಡಿದರೆ, ಬೆಳಗ್ಗೆ ಜಾಸ್ತಿ ಇರುವ ಬಹುಪಾಲು ಜನರಿಗೆ ರಾತ್ರಿಯೂ ಜಾಸ್ತಿಯೇ ಇರುತ್ತದೆ. ಮುಂಜಾವದಲ್ಲಿ ಮೈ ಏಳುವ ಮುನ್ನ ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ಇವೆಲ್ಲ ಏರಿ, ಪಿತ್ತಜನಕಾಂಗ ಸಕ್ಕರೆ ಬಿಡುತ್ತದೆ. ನಿಮ್ಮ ಮನೆಯಲ್ಲಂತೂ ಅಷ್ಟು ದೂರ ಹೋಗುವುದೇ ಬೇಡ ಅಕ್ಕಾ, ಬಾಳೆಹಣ್ಣು ಇದೆ.

ಅಕ್ಕ ನಕ್ಕರು. ಬಹಳ ದಿನದ ಮೇಲೆ.

ಮೂಲೆಮನೆ ರಾಯರದು ಇನ್ನೊಂದು ಕತೆ. ಮೇಷ್ಟ್ರ ಸುದ್ದಿ ಕೇಳಿದ ದಿನದಿಂದ ಅವರೂ ದಿಂಬಿನ ಪಕ್ಕ ಮಾರಿ ಬಿಸ್ಕತ್ ಡಬ್ಬಿ ಇಟ್ಟುಕೊಂಡು, ನಡುರಾತ್ರಿ ಎದ್ದು ತಿನ್ನುತ್ತಾರೆ. ಅವರು ನುಂಗುವುದು ಮೆಟ್‌ಫಾರ್ಮಿನ್ ಒಂದೇ. ಅದೊಂದೇ ಮಾತ್ರೆ ತೆಗೆದುಕೊಂಡು, ಹೊತ್ತುಹೊತ್ತಿಗೆ ಊಟ ಮಾಡುವವರಿಗೆ ಸಕ್ಕರೆ ಹೀಗೆ ಕುಸಿಯುವುದು ತೀರಾ ಅಪರೂಪ. ಭಯಕ್ಕೆ ಪ್ರಿಸ್ಕ್ರಿಪ್ಷನ್ ಬೇಕಿಲ್ಲವಲ್ಲ, ಬೀದಿಯಲ್ಲಿ ಒಬ್ಬರು ತಂದರೆ ಎಲ್ಲರಿಗೂ ಸಿಗುತ್ತದೆ.

ಹೆದರಬೇಕಾದವರು ಬೇರೆ ಇದ್ದಾರೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಮತ್ತೆ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಜಾತಿಯ ಮಾತ್ರೆಯವರು. ಈ ಜಾತಿ ಸಿಕ್ಕಿದ್ದೇ ಸಕ್ಕರೆ ಕುಸಿದು. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ಊರಿನಲ್ಲಿ ಮಾರ್ಸೆಲ್ ಜಾನ್ಬೋ ಅನ್ನುವ ವೈದ್ಯರು ಟೈಫಾಯಿಡ್ ರೋಗಿಗಳಿಗೆ ಒಂದು ಸಲ್ಫಾ ಔಷಧಿ ಕೊಟ್ಟು ನೋಡುತ್ತಿದ್ದರು. ಜ್ವರದ ಮಾತು ಹಾಗಿರಲಿ, ರೋಗಿಗಳ ರಕ್ತದ ಸಕ್ಕರೆ ಇಳಿದು ಅವಾಂತರವಾಯಿತು. ಆ ಅವಾಂತರವೇ ಮುಂದೆ ಸಕ್ಕರೆ ಕಾಯಿಲೆಯ ಮಾತ್ರೆಯಾಯಿತು. ಗ್ಲಿಬೆನ್‌ಕ್ಲಮೈಡ್ ಮೈಯಲ್ಲಿ ಬಹಳ ಹೊತ್ತು ಇರುವಂಥದ್ದು. ವಯಸ್ಸಾಗಿ ಮೂತ್ರಪಿಂಡ ಸೋತವರಿಗೆ ಅದು ಇನ್ನೂ ಅಪಾಯ. ಅಂಗಡಿಯಲ್ಲಿದ್ದಾಗ, ಊಟ ಬಿಟ್ಟ ಅಜ್ಜಿಯಂದಿರಿಗೆ ಮೊಮ್ಮಕ್ಕಳು ಮಾತ್ರೆ ಮಾತ್ರ ಬಿಡದೆ ಕೊಂಡೊಯ್ಯುವುದು ಕಂಡು ಹೊಟ್ಟೆ ಉರಿಯುತ್ತಿತ್ತು.

"ಅದು ಸರಿ, ಇವರಿಗೆ ರಾತ್ರೀನೇ ಯಾಕೆ?" ಅಂತ ಅಕ್ಕ.

ಒಳ್ಳೆಯ ಪ್ರಶ್ನೆ. ಮೇಷ್ಟ್ರದು 30/70 ಇನ್ಸುಲಿನ್. ನೂರಕ್ಕೆ 30 ಪಾಲು ಊಟದ ಹೊತ್ತಿಗೆ ಕೆಲಸ ಮಾಡುವಂಥದ್ದು. ಉಳಿದ 70 ಪಾಲು ನಿಧಾನದ್ದು, ಎನ್‌ಪಿಎಚ್ ಅಂತಾರೆ. ಕೊನೆಯ ಎಚ್ ಅಂದರೆ ಹ್ಯಾಗೆಡಾರ್ನ್, ಡೆನ್ಮಾರ್ಕಿನ ವೈದ್ಯರು. ಇನ್ಸುಲಿನ್ ಬೇಗ ಕರಗಿಹೋಗದಿರಲಿ ಅಂತ ಅದಕ್ಕೆ ಮೀನಿನಿಂದ ತೆಗೆದ ಪ್ರೋಟಮೀನ್ ಸೇರಿಸುವ ಉಪಾಯ ಕಂಡುಹಿಡಿದವರು. (ಮೀನಿನ ವಿಷಯ ಮೇಷ್ಟ್ರಿಗೆ ನಾನು ಈವತ್ತಿಗೂ ಹೇಳಿಲ್ಲ. ಏಕಾದಶಿ ಮಾಡುವವರು.) ಚುಚ್ಚಿದ ನಾಲ್ಕರಿಂದ ಹತ್ತು ಗಂಟೆಯೊಳಗೆ ಅದರ ಜೋರು ಹೆಚ್ಚು. ರಾತ್ರಿ ಎಂಟಕ್ಕೆ ಚುಚ್ಚಿದರೆ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಅಂತಾಯಿತು. ನಮ್ಮದೇ ಮೇದೋಜೀರಕ ಸುರಿಸುವ ಇನ್ಸುಲಿನ್ನಾದರೆ ಸಕ್ಕರೆ ಇಳಿಯುತ್ತಲೇ ನಿಲ್ಲುತ್ತದೆ. ಚುಚ್ಚಿದ್ದಕ್ಕೆ ನಿಲ್ಲಿಸುವವರಿಲ್ಲ. ಇವತ್ತು ಶನಿವಾರ, ಮೇಷ್ಟ್ರು ಅವಲಕ್ಕಿ ಅರ್ಧ ಬಿಟ್ಟರು ಅನ್ನುವುದು ಅದಕ್ಕೆ ಗೊತ್ತಾಗುವುದು ಹೇಗೆ? ಅದರ ಮೇಲೆ ಬೆಟ್ಟ ಹತ್ತಿದ್ದು ಬೇರೆ. ದಣಿದ ಸ್ನಾಯು ಇಡೀ ದಿನ, ರಾತ್ರಿಯೂ, ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತದೆ. ಒಪ್ಪತ್ತು, ಬೆಟ್ಟ, ಪೂರ್ತಿ ಡೋಸು: ಮೂರೂ ಒಂದೇ ರಾತ್ರಿ ಸೇರಿದ್ದವು.

ಅಕ್ಕನಿಗೆ ಇದು ಹೊಸ ಸಮಾಧಾನ ಕೊಟ್ಟ ಹಾಗಿತ್ತು. ಅಂದರೆ ಅದು ಆಕಾಶದಿಂದ ಬಿದ್ದಿದ್ದಲ್ಲ, ಕಾರಣ ಇತ್ತು. ಕಾರಣ ಇದ್ದಿದ್ದಕ್ಕೆ ಹೆದರಿಕೆ ಕಡಿಮೆ. ಆದರೆ ಅವರು ಇನ್ನೊಂದು ಮಾತು ಹೇಳಿದರು, ಮೆಲ್ಲಗೆ, ಒಳಗೆ ಮೇಷ್ಟ್ರಿಗೆ ಕೇಳಿಸದ ಹಾಗೆ: "ಈಗ ಅವರೇ ಹೆದರ್ತಾರೆ ಅಣ್ಣಾ. ಕತ್ತಲಾದ್ರೆ ಎದೆ ಡವಡವ ಅಂತಾರೆ, ಕೈ ನಡುಗುತ್ತೆ, ಬೆವರ್ತಾರೆ. ತಕ್ಷಣ ಸಕ್ಕರೆ ಬಾಯಿಗೆ ಹಾಕ್ಕೋತಾರೆ."

ಇಲ್ಲಿದೆ ನೋಡಿ ತೊಡಕು. ಸಕ್ಕರೆ ಕುಸಿದಾಗ ಮೈ ಅಡ್ರಿನಲಿನ್ ಸುರಿಸುತ್ತದೆ, ಅದಕ್ಕೇ ನಡುಕ, ಎದೆಬಡಿತ, ಬೆವರು. ಹೆದರಿದಾಗ ಸುರಿಯುವುದೂ ಅದೇ ಅಡ್ರಿನಲಿನ್. ಎರಡೂ ಒಂದೇ ವೇಷ ಹಾಕಿಕೊಂಡು ಬಂದರೆ ಯಾರು ಯಾರೆಂದು ಹೇಳುವವರು ಯಾರು? ಮೀಟರ್ ಒಂದೇ. ಎಚ್ಚರವಿದ್ದು, ಮಾತಾಡುವ ಸ್ಥಿತಿಯಲ್ಲಿದ್ದರೆ ಮೊದಲು ಬೆರಳು ಚುಚ್ಚಬೇಕು, ಆಮೇಲೆ ಸಕ್ಕರೆ. ಮೀಟರ್ ಕೈಗೆ ಸಿಗದಿದ್ದರೆ ಮಾತ್ರ ಅನುಮಾನದ ಲಾಭ ಸಕ್ಕರೆಗೆ. ಚುಚ್ಚುವ ಮುಂಚೆ ಕೈ ತೊಳೆಯಬೇಕು. ಬಾಳೆಹಣ್ಣು ಸುಲಿದ ಬೆರಳನ್ನೇ ಚುಚ್ಚಿದರೆ ಮೀಟರು ಹಣ್ಣಿನ ಸಕ್ಕರೆಯನ್ನೂ ಸೇರಿಸಿ ಓದುತ್ತದೆ. 70ಕ್ಕಿಂತ ಕೆಳಗಿದ್ದರೆ ಲೋ. 54ಕ್ಕಿಂತ ಕೆಳಗಿದ್ದರೆ ತಮಾಷೆಯಲ್ಲ. 110 ಅಂತ ತೋರಿಸಿದರೆ ಅದು ಹೆದರಿಕೆ, ಅದಕ್ಕೆ ಸಕ್ಕರೆ ಮದ್ದಲ್ಲ. ಒಂದು ಲೋಟ ನೀರು ಕುಡಿದು, ಹತ್ತು ಸಲ ನಿಧಾನವಾಗಿ ಉಸಿರು ಬಿಟ್ಟು, ಬೇಕಾದರೆ ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಚುಚ್ಚಿ ನೋಡಲಿ.

ಈ ಹೆದರಿಕೆ ಮೇಷ್ಟ್ರೊಬ್ಬರದೇ ಅಲ್ಲ. 1987ರಲ್ಲೇ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಕಾಕ್ಸ್, ಲಿಂಡಾ ಗಾಂಡರ್‌ಫ್ರೆಡರಿಕ್ ಮತ್ತವರ ಜೊತೆಯವರು ಇದನ್ನು ಅಳೆಯಲೆಂದೇ ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಎರಡು ಭಾಗ: ಏನೇನು ಚಿಂತೆ ಮಾಡುತ್ತೀರಿ ಅನ್ನುವುದು ಒಂದು, ಆ ಚಿಂತೆಯಿಂದ ಏನೇನು ಮಾಡುತ್ತೀರಿ ಅನ್ನುವುದು ಇನ್ನೊಂದು. ಈ ಎರಡನೆಯದರಲ್ಲೇ ಇದೆ ಸ್ವಾರಸ್ಯ. ಬೇಕಂತಲೇ ಸಕ್ಕರೆಯನ್ನು ಮೇಲಿಟ್ಟುಕೊಳ್ಳುವುದು, ಒಬ್ಬರೇ ಇರಲು ಹಿಂಜರಿಯುವುದು, ಮಲಗುವಾಗ ಹೆಚ್ಚು ತಿನ್ನುವುದು. ನಮ್ಮ ಬೀದಿಯವರು ಯಾರೂ ಆ ಪ್ರಶ್ನಾವಳಿ ಕಂಡವರಲ್ಲ. ಆದರೂ ಎಲ್ಲರೂ ಉತ್ತರ ಬರೆದುಬಿಟ್ಟಿದ್ದಾರೆ.

ಅಕ್ಕ ಹಣೆ ಮುಟ್ಟಿ ಬೆವರು ನೋಡುವುದನ್ನು ಮೇಷ್ಟ್ರು ಗೇಲಿ ಮಾಡುತ್ತಿದ್ದರು. ಆ ವಿಷಯದಲ್ಲಿ ನಾನು ಅಕ್ಕನ ಪಕ್ಷ. ಮೇಷ್ಟ್ರು ಬಿಪಿಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ. ಆ ಜಾತಿಯ ಮಾತ್ರೆ ನಡುಕವನ್ನೂ ಎದೆಬಡಿತವನ್ನೂ ಮುಚ್ಚಿಹಾಕಬಹುದು, ಬೆವರನ್ನು ಮುಚ್ಚಲಾರದು. ಮೇಲಾಗಿ ಗಾಢ ನಿದ್ದೆಯಲ್ಲಿ ಮೈಯ ಎಚ್ಚರಿಕೆ ಗಂಟೆಯ ಸದ್ದೇ ಕಡಿಮೆ. ಒದ್ದೆ ಬನಿಯನ್ನು, ಕೆಟ್ಟ ಕನಸು, ನಿದ್ದೆಯಲ್ಲಿ ಕೂಗಾಟ, ಬೆಳಗ್ಗೆ ಎದ್ದಾಗ ತಲೆನೋವು, ಮಂಕು: ರಾತ್ರಿ ಇಳಿದಿತ್ತು ಅನ್ನುವುದಕ್ಕೆ ಇವೇ ಸಾಕ್ಷಿ. ಅಕ್ಕ ನೋಡುವುದು ತಪ್ಪಲ್ಲ, ಪ್ರತಿ ಗಂಟೆಗೂ ನೋಡುವುದು ತಪ್ಪು.

ಬೆಂಗಳೂರಿನಲ್ಲಿರುವ ಮಗ ಅಮ್ಮನ ಕೆಂಪು ಕಣ್ಣು ವಿಡಿಯೋ ಕಾಲಿನಲ್ಲಿ ನೋಡಿ, ತೋಳಿಗೆ ಅಂಟಿಸುವ ಸೆನ್ಸರ್ ತಂದುಕೊಟ್ಟ. ಹದಿನಾಲ್ಕು ದಿನ ಇರುವಂಥದ್ದು. ಸಕ್ಕರೆ ಇಳಿದರೆ ಮೊಬೈಲು ಕೂಗುತ್ತದೆ. ಎರಡನೆಯ ರಾತ್ರಿಯೇ ಕೂಗಿತು, 58 ಅಂತ. ನಮ್ಮ ಮನೆಯವರೆಗೂ ಕೇಳಿತು, ಬೀದಿ ನಾಯಿಯೂ ದನಿಗೂಡಿಸಿತು. ಅಕ್ಕ ಸಕ್ಕರೆ ನೀರು ಹಿಡಿದು ಓಡಿದರೆ ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದಾರೆ, ಬೆವರಿಲ್ಲ ಏನಿಲ್ಲ. ಬೆರಳು ಚುಚ್ಚಿದರೆ 112.

"ಇದೇನಣ್ಣಾ, ಇಷ್ಟು ದುಡ್ಡು ಕೊಟ್ಟಿದ್ದು ಸುಳ್ಳು ಹೇಳುತ್ತೆ?"

ಸುಳ್ಳಲ್ಲ. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿ ಜೀವಕೋಶಗಳ ನಡುವಿನ ದ್ರವವನ್ನು. ಆ ತೋಳನ್ನೇ ಅದುಮಿ ಮಲಗಿದರೆ ಅಲ್ಲಿ ರಕ್ತದ ಓಡಾಟ ಕಮ್ಮಿಯಾಗಿ ಸಕ್ಕರೆ ಕುಸಿದಂತೆ ತೋರುತ್ತದೆ. ಮಗ್ಗುಲು ಬದಲಿಸಿದರೆ ಸರಿಹೋಗುತ್ತದೆ. ಸಕ್ಕರೆ ಬೇಗ ಏರಿಳಿಯುವಾಗ ಅದು ಕೆಲವು ನಿಮಿಷ ಹಿಂದೆಯೂ ಇರುತ್ತದೆ. ಮೇಷ್ಟ್ರು ಬಲ ಮಗ್ಗುಲಿಗೆ ಮಲಗುವವರು, ಅಂಟಿಸಿದ್ದು ಬಲ ತೋಳಿಗೆ. ಮುಂದಿನ ಸೆನ್ಸರ್ ಎಡಕ್ಕೆ ಹೋಯಿತು. ಒಳ್ಳೆಯ ಸಾಧನವೇ ಅನ್ನಿ, ಕೈಲಾದವರು ಒಮ್ಮೆಯಾದರೂ ಹಾಕಿ ನೋಡಬೇಕು. ಆದರೆ ಅಲಾರಂ ಎಷ್ಟಕ್ಕೆ ಕೂಗಬೇಕು ಅಂತ ಡಾಕ್ಟರ ಹತ್ತಿರ ಕೇಳಿ ಇಟ್ಟುಕೊಳ್ಳಬೇಕು. 100ಕ್ಕೇ ಕೂಗಲಿ ಅಂತ ಇಟ್ಟರೆ ಅದು ಮನೆಯಲ್ಲಿ ಇನ್ನೊಬ್ಬ ಹೆದರುಪುಕ್ಕಲನನ್ನು ಸಾಕಿದಂತೆ.

ಸೆನ್ಸರ್ ಇಲ್ಲದವರಿಗೂ ಉಪಾಯವಿದೆ, ನಾನು ಅಂಗಡಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದದ್ದು. ಮಂಚದ ಪಕ್ಕ ಒಂದು ಸ್ಟೂಲು. ಅದರ ಮೇಲೆ ಮೀಟರ್, ಸ್ಟ್ರಿಪ್ಪು, ಗ್ಲೂಕೋಸ್ ಪುಡಿಯ ಸಣ್ಣ ಡಬ್ಬಿ, ಚಮಚ, ನೀರು, ಕರೆಂಟು ಹೋದರೆ ಅಂತ ಒಂದು ಟಾರ್ಚು. ಕತ್ತಲಲ್ಲಿ ಅಡುಗೆಮನೆಗೆ ಓಡಿ ಸಕ್ಕರೆ ಅಂತ ಉಪ್ಪು ಕಲಸಿಕೊಂಡು ಬಂದವರನ್ನು ನಾನು ಬಲ್ಲೆ. ಲೋ ಆದರೆ ಮೂರು ಟೀ ಚಮಚ ಗ್ಲೂಕೋಸನ್ನೋ ಸಕ್ಕರೆಯನ್ನೋ ನೀರಿನಲ್ಲಿ ಕದಡಿ ಕುಡಿಯುವುದು, ಅದು ಹೆಚ್ಚು ಕಡಿಮೆ 15 ಗ್ರಾಂ. ಹದಿನೈದು ನಿಮಿಷ ಬಿಟ್ಟು ಚುಚ್ಚುವುದು. ಏರಿಲ್ಲದಿದ್ದರೆ ಇನ್ನೊಂದು ಸಲ. ಏರಿದ ಮೇಲೆ, ಬೆಳಗಾಗಲು ಹೊತ್ತಿದ್ದರೆ, ಎರಡು ಬಿಸ್ಕತ್ತು. ಆ ಹದಿನೈದು ನಿಮಿಷವೇ ಕಷ್ಟದ್ದು. ತಡೆಯಲಾರದೆ ಅರ್ಧ ಡಬ್ಬಿ ಖಾಲಿ ಮಾಡಿ ಬೆಳಗ್ಗೆ 300ಕ್ಕೆ ಏಳುವವರೇ ಹೆಚ್ಚು.

"ಫ್ರಿಜ್ಜಲ್ಲಿ ಮೈಸೂರು ಪಾಕ್ ಇಟ್ಟಿದ್ದೀನಿ, ಅದನ್ನೇ ಕೊಟ್ರೆ?" ಅಂತ ಅಕ್ಕ. ಮೈಸೂರಿನಲ್ಲಿ ಹುಟ್ಟಿದವರು ಕೇಳಬೇಕಾದ್ದೇ. ಆದರೆ ಅದರಲ್ಲಿರುವ ತುಪ್ಪ ಸಕ್ಕರೆಯನ್ನು ಬೇಗ ರಕ್ತಕ್ಕೆ ಸೇರಲು ಬಿಡುವುದಿಲ್ಲ. ಚಾಕೊಲೇಟಿಗೂ ಅದೇ ದೋಷ. ಊಟದ ಜೊತೆ ವೋಗ್ಲಿಬೋಸ್ ಮಾತ್ರೆ ನುಂಗುವವರಿಗಂತೂ ಮನೆಯ ಸಕ್ಕರೆ, ಬೆಲ್ಲವೂ ಬೇಗ ಹತ್ತುವುದಿಲ್ಲ. ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಅವರಿಗೆ ಗ್ಲೂಕೋಸೇ ಆಗಬೇಕು. ಮತ್ತೆ ಇನ್ನೊಂದು, ಇದಕ್ಕೆ ನಗು ಬೇಡ: ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಜೇನುತುಪ್ಪವನ್ನೂ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು.

ಇಷ್ಟೆಲ್ಲ ಹೇಳಿದರೂ ನನ್ನ ಜಗಳ ಇರುವುದು ಆ ಬಾಳೆಹಣ್ಣಿನ ಜೊತೆ. ದಿನಾ ರಾತ್ರಿ ತಿಂದರೆ ಮಾತ್ರ ಸಕ್ಕರೆ ನಿಲ್ಲುತ್ತದೆ ಅಂದರೆ, ತಿನ್ನುತ್ತಿರುವುದು ಮೇಷ್ಟ್ರಲ್ಲ, ಇನ್ಸುಲಿನ್ನು. ಹೆಚ್ಚಾದ ಡೋಸಿಗೆ ಊಟ ಹಾಕಿ ಸಾಕುತ್ತಿದ್ದೀರಿ. ಕಡಿಮೆ ಮಾಡಿಸಬೇಕಾದ್ದು ಡೋಸನ್ನು, ಅದೂ ಡಾಕ್ಟರ ಕೈಯಲ್ಲಿ. ಗೋಡೆ ಪಕ್ಕದ ನನ್ನ ಕೈಯಲ್ಲಲ್ಲ, ಎಂಜಿನಿಯರ ಕೈಯಲ್ಲೂ ಅಲ್ಲ.

ಇದಕ್ಕೆ ಮೇಷ್ಟ್ರು ಸುಲಭಕ್ಕೆ ಒಪ್ಪಲಿಲ್ಲ. ಅವರ ಎಚ್‌ಬಿಎ1ಸಿ 6.2. ಮೂರು ತಿಂಗಳ ಸರಾಸರಿ ಹೇಳುವ ಆ ರಿಪೋರ್ಟನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹಾಗೆ ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಡೋಸು ಕಡಿಮೆ ಮಾಡಿದರೆ ಡಿಸ್ಟಿಂಕ್ಷನ್ ಹೋಗುತ್ತದಲ್ಲ! ಆದರೆ ಅವರ ಕ್ರಿಯಾಟಿನಿನ್ ಏರುತ್ತ ಬಂದಿದೆ. ಮೂತ್ರಪಿಂಡ ನಿಧಾನವಾದರೆ ಇನ್ಸುಲಿನ್ ಮೈಯಿಂದ ಬೇಗ ಹೋಗುವುದಿಲ್ಲ, ಹಳೆಯ ಡೋಸೇ ಹೆಚ್ಚಾಗುತ್ತದೆ. ವಯಸ್ಸಾಗಿ, ಜೊತೆಗೆ ಬೇರೆ ಕಾಯಿಲೆಗಳೂ ಇರುವವರಿಗೆ 8ರವರೆಗೂ ಇದ್ದರೆ ಸಾಕು ಅಂತ ವೈದ್ಯರೇ ಒಪ್ಪುತ್ತಾರೆ. ರಾತ್ರಿ 46ಕ್ಕೆ ಇಳಿದು ಬಂದ ಸರಾಸರಿ ಎಂಥ ಡಿಸ್ಟಿಂಕ್ಷನ್ನು? ಇದನ್ನು ನಾನು ಹೇಳಿದಾಗ ಮೇಷ್ಟ್ರು ಪೇಪರಿನಿಂದ ತಲೆ ಎತ್ತಲಿಲ್ಲ. ಅಂದರೆ ಕೇಳಿಸಿಕೊಂಡರು.

ಅಕ್ಕ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಮಲಗುವಾಗಿನದು, ಮೂರು ಗಂಟೆಯದು, ಬೆಳಗಿನದು ಅಂತ ಕೆಲವು ದಿನ ಬರೆದರು. ಮೂರಕ್ಕೆ ಮೊಬೈಲ್ ಅಲಾರಂ, ಮಿಕ್ಕ ಹೊತ್ತು ನಿದ್ದೆ ಅಂತ ಒಪ್ಪಂದ. ಆ ಹಾಳೆ ಹರಿದುಕೊಂಡು ಡಾಕ್ಟರ ಹತ್ತಿರ ಹೋದರು. ರಾತ್ರಿಯ ಡೋಸು ಇಳಿಯಿತು. ಶನಿವಾರಕ್ಕೆ ಬೇರೆ ಲೆಕ್ಕ, ಬೆಟ್ಟ ಹತ್ತಿದ ದಿನಕ್ಕೆ ಬೇರೆ ಲೆಕ್ಕ ಬರೆದುಕೊಟ್ಟರು. ಮಲಗುವಾಗ ಎಷ್ಟಿದ್ದರೆ ಏನೂ ತಿನ್ನದೆ ಮಲಗಬಹುದು ಅನ್ನುವುದನ್ನೂ ಬರೆಸಿಕೊಂಡು ಬಂದರು. ಅದು ಅಕ್ಕನಿಗೆ ಬರೆದ ಚೀಟಿ ಅಂತಲೇ ನಾನು ತಿಳಿಯುತ್ತೇನೆ. ಹೆದರಿಕೆ ಒಂದೇ ದಿನಕ್ಕೆ ಹೋಗಲಿಲ್ಲ. ಆಮೇಲೆಯೂ ಕೆಲವು ರಾತ್ರಿ ಅವರ ಮನೆಯ ದೀಪ ಹತ್ತುತ್ತಿತ್ತು. ಆದರೆ ಬೆಳಗ್ಗೆ ಗೋಡೆ ಹತ್ತಿರ ಕಾವೇರಿ ನೀರು ಬರದ ವಿಷಯವೂ ಮಾತಿಗೆ ಬರತೊಡಗಿತು.

ಒಂದು ಮಾತು, ಇದನ್ನು ಓದುತ್ತಿರುವ ಮೇಷ್ಟ್ರುಗಳಿಗೆ. ಡಾಕ್ಟರ ಮುಂದೆ ಕೂತಾಗ ನೀವು ಚಾಚುವುದು ಫಾಸ್ಟಿಂಗ್ ಮತ್ತು ಊಟದ ನಂತರದ ರಿಪೋರ್ಟು. ಅದರಲ್ಲಿ ರಾತ್ರಿ ಮೂರು ಗಂಟೆ ಇರುವುದಿಲ್ಲ. ಬೆವರಿನ ವಿಷಯ ನೀವಾಗಿ ಎತ್ತಿ, ಅವರು ಕೇಳಲಿ ಅಂತ ಕಾಯಬೇಡಿ. ಮತ್ತೆ ಹೆಂಡತಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಬ್ಬರೇ ಒಳಗೆ ಹೋಗಬೇಡಿ. ಆ ಹೊತ್ತಿನಲ್ಲಿ ಎಚ್ಚರವಿದ್ದವರು ಅವರು, ನೀವಲ್ಲ.